ಲ್ವಾರ್ ನದಿಯ ತೀರದ ಪಾಠಗಳು

'ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು' ಎಂಬುದು ನಮ್ಮ ಹಿರಿಯರ ಮಾತು. ಲೋಕಜ್ಞಾನಕ್ಕೆ ಇವು ಎರಡು ದಾರಿಗಳೆಂದೂ, ಒಂದು ಸಾಧ್ಯವಾಗದವನು ಇನ್ನೊಂದನ್ನು ಹಿಡಿಯಬೇಕೆಂದೂ ಇದರ ತಾತ್ಪರ್ಯ. ಆದರೆ ಪರಭಾಷೆಯೊಂದನ್ನು ಕಲಿಯಹೊರಟವನಿಗೆ ಈ ಎರಡು ದಾರಿಗಳು ಬಹುಕಾಲ ಬೇರೆಬೇರೆಯಾಗಿ ಉಳಿಯುವುದಿಲ್ಲ. ಕೋಶದಲ್ಲಿ ಓದಿದ ಮಾತಿಗೆ ದೇಶದಲ್ಲಿ ಜೀವ ಬರುತ್ತದೆ. ದೇಶದಲ್ಲಿ ಕಂಡ ನೋಟಕ್ಕೆ ಕೋಶದಿಂದ ಅರ್ಥ ಬರುತ್ತದೆ. 2014ರ ಬೇಸಗೆಯಲ್ಲಿ ಫ್ರಾನ್ಸ್ ದೇಶದ ತೂರ್ ನಗರದಲ್ಲಿ ಎರಡು ತಿಂಗಳು ಫ್ರೆಂಚ್ ಭಾಷೆಯನ್ನು ಅಭ್ಯಾಸಮಾಡುವ ಅವಕಾಶ ನನಗೆ ದೊರೆಯಿತು. ಅಲ್ಲಿ ಕಲಿತ ವ್ಯಾಕರಣದಲ್ಲಿ ಎಷ್ಟೋ ಭಾಗ ಇಂದು ಮಸುಕಾಗಿದೆ. ಆದರೆ ಬುಧವಾರ ಮಧ್ಯಾಹ್ನ ಮತ್ತು ಶನಿವಾರಗಳಂದು ನಮ್ಮ ಅಧ್ಯಾಪಕಿ ನಮ್ಮನ್ನು ಕರೆದೊಯ್ಯುತ್ತಿದ್ದ ಪ್ರವಾಸಗಳಲ್ಲಿ ಕಲಿತದ್ದು ಮರೆತಿಲ್ಲ.

ತೂರ್ ನಗರವು ಲ್ವಾರ್ ಮತ್ತು ಶೇರ್ ಎಂಬ ಎರಡು ನದಿಗಳ ನಡುವೆ ಹರಡಿಕೊಂಡಿದೆ. ಸುಮಾರು 1,000 ಕಿಲೋಮೀಟರು ಹರಿಯುವ ಲ್ವಾರ್ ನದಿ ಫ್ರಾನ್ಸಿನಲ್ಲೇ ಅತಿ ಉದ್ದವಾದುದು. ಅದರ ದಡದುದ್ದಕ್ಕೂ ಬೆಳ್ಳನೆಯ ಮೆದುಕಲ್ಲಿನಲ್ಲಿ ಕಟ್ಟಿದ ಅರಮನೆಗಳಿವೆ. ಈ ಕಣಿವೆಯ ಬಹುಭಾಗವನ್ನು ಯುನೆಸ್ಕೋ ಸಂಸ್ಥೆಯು 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಾಲ್ಜಾಕ್ ಎಂಬ ಮಹಾ ಕಾದಂಬರಿಕಾರ 1799ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಈ ಸೀಮೆಯ ಜನ ಆಡುವ ಫ್ರೆಂಚ್ ಅತ್ಯಂತ ಶುದ್ಧವಾದುದೆಂಬ ಖ್ಯಾತಿ ಹಿಂದಿನಿಂದಲೂ ಇದೆ. ಮೊದಲ ದಿನವೇ ಆ ಮಾತು ತರಗತಿಯಲ್ಲಿ ಬಂದಿತು. ಅಧ್ಯಾಪಕಿ ನಕ್ಕು, "ನಮ್ಮೂರಿನ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಭಾಷೆಯಲ್ಲಿ ಶುದ್ಧವಾದ ಊರು, ಅಶುದ್ಧವಾದ ಊರು ಎಂಬುದಿಲ್ಲ" ಎಂದರು. ಆ ಮಾತಿನ ಆಳ ನಮಗೆ ತಿಳಿದದ್ದು ಕೆಲವು ವಾರಗಳ ಮೇಲೆ.

ನಮ್ಮ ತರಗತಿಯಲ್ಲಿ ಹದಿನಾಲ್ಕು ಮಂದಿ ಇದ್ದೆವು. ಜಪಾನು, ಬ್ರೆಜಿಲ್, ವಿಯೆಟ್ನಾಂ, ಘಾನಾ, ಜರ್ಮನಿ ಹೀಗೆ ಒಬ್ಬೊಬ್ಬರದು ಒಂದೊಂದು ದೇಶ. ಎಲ್ಲರಿಗೂ ಸಮಾನವಾಗಿದ್ದುದು ಇನ್ನೂ ತೊದಲುತ್ತಿದ್ದ ಫ್ರೆಂಚ್ ಒಂದೇ. ಪ್ರವಾಸಕ್ಕೆ ಅಧ್ಯಾಪಕಿ ಒಂದು ಕ್ರಮವನ್ನು ಗೊತ್ತುಪಡಿಸಿದ್ದರು. ಹೋಗುವ ಹಿಂದಿನ ದಿನ ಆ ಸ್ಥಳಕ್ಕೆ ಬೇಕಾಗುವ ಮಾತುಗಳನ್ನು ಕಲಿಯಬೇಕು. ಹೋದಲ್ಲಿ ಪ್ರತಿಯೊಬ್ಬರೂ ಆ ಊರಿನವರೊಬ್ಬರನ್ನು ಮಾತನಾಡಿಸಿ, ಒಂದಾದರೂ ಪ್ರಶ್ನೆ ಕೇಳಬೇಕು. ಹಿಂದಿರುಗಿದ ಮೇಲೆ ಕಂಡದ್ದನ್ನೂ ಕೇಳಿದ್ದನ್ನೂ ಒಂದು ಪುಟದಷ್ಟು ಬರೆಯಬೇಕು. "ಚಿತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಚಿತ್ರದಲ್ಲಿ ಬಾರದ ಒಂದು ಮಾತನ್ನು ತನ್ನಿ" ಎಂದು ಅವರು ಹೇಳುತ್ತಿದ್ದರು.

ಮೊದಲನೆಯ ಪ್ರವಾಸ ದೂರದ್ದೇನಲ್ಲ. ಎರಡು ಬೀದಿಗಳಾಚೆಯ ರೊಟ್ಟಿ ಅಂಗಡಿಯವರೆಗೆ. ಉದ್ದನೆಯ ಕೋಲಿನಂತಿರುವ ಬಾಗೆಟ್ ಎಂಬ ರೊಟ್ಟಿಯನ್ನು ಕೊಂಡು ತರುವುದಷ್ಟೇ ನಮ್ಮ ಕೆಲಸ. (ಈ ರೊಟ್ಟಿಯನ್ನು ಮಾಡುವ ಕಲೆಯೂ 2022ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಯನ್ನು ಸೇರಿತು.) ಅಂಗಡಿಯೊಳಗೆ ಕಾಲಿಟ್ಟವನು ಮೊದಲು 'ಬೊಂಜೂರ್' ಎಂದು ವಂದಿಸಬೇಕು, ಆಮೇಲೆ ಬೇಕಾದುದನ್ನು ಕೇಳಬೇಕು. ವಂದಿಸದೆ ಬೇಡಿಕೆಯನ್ನೇ ಮುಂದಿಟ್ಟರೆ ಅಂಗಡಿಯಾಕೆ ತಾನೇ 'ಬೊಂಜೂರ್' ಎಂದು ಹೇಳಿ, ನಾವು ಮಾರ್ನುಡಿಯುವವರೆಗೂ ಕಾಯುತ್ತಾಳೆ. ಆಕೆಗೆ ನಾವು ಗಿರಾಕಿಗಳಾಗುವ ಮೊದಲು ಮನುಷ್ಯರಾಗಬೇಕು. ನಮ್ಮ ಹಳ್ಳಿಗಳಲ್ಲಿ ಎದುರಾದವರನ್ನು 'ಊಟವಾಯಿತೇ?' ಎಂದು ಕೇಳುವುದುಂಟು. ಊಟದ ಲೆಕ್ಕವನ್ನು ತಿಳಿಯುವುದು ಆ ಪ್ರಶ್ನೆಯ ಉದ್ದೇಶವಲ್ಲ. ಅಲ್ಲಿಯ 'ಬೊಂಜೂರ್' ಕೂಡ ಹಾಗೆಯೇ. ಅಂತೆಯೇ ಆ ಭಾಷೆಯಲ್ಲಿ ನಮ್ಮ 'ನೀನು', 'ನೀವು' ಎಂಬ ಭೇದವೂ ಇದೆ. ಇಂಗ್ಲಿಷ್ ಒಂದನ್ನೇ ಬಲ್ಲವರಿಗೆ ಯಾರನ್ನು 'ತ್ಯು' ಎನ್ನಬೇಕು, ಯಾರನ್ನು 'ವೂ' ಎನ್ನಬೇಕು ಎಂಬುದು ತೊಡಕಿನ ವಿಷಯ. ಕನ್ನಡಿಗನಾದ ನನಗೆ ಅದು ತಾಯಿ ಕಲಿಸಿದ ಪಾಠ. ಸಮುದ್ರದಾಚೆಯ ಭಾಷೆಯೊಳಗೆ ನಮ್ಮ ಮನೆಯ ಹೊಸಿಲೊಂದು ಕಂಡಾಗ ಆಗುವ ಸಂತೋಷ ಸಣ್ಣದಲ್ಲ.

ಮುಂದಿನ ಬುಧವಾರ ಸಂತ ಮಾರ್ತೆಂ ಅವರ ಹೆಸರಿನ ಇಗರ್ಜಿಗೆ ಹೋದೆವು. ಈತ ನಾಲ್ಕನೆಯ ಶತಮಾನದಲ್ಲಿ ತೂರ್ ನಗರದ ಬಿಷಪ್ ಆಗಿದ್ದವನು. ಯುವಕನಾಗಿ ಸೈನ್ಯದಲ್ಲಿದ್ದಾಗ, ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡು, ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧವನ್ನು ಅವನಿಗೆ ಕೊಟ್ಟನೆಂಬುದು ಕಥೆ. ಲ್ಯಾಟಿನ್ ಭಾಷೆಯಲ್ಲಿ ಮೇಲಂಗಿಗೆ 'ಕಾಪಾ' ಎಂದು ಹೆಸರು. ಉಳಿದ ಆ ಅಂಗಿಯನ್ನು ಜನ ಪವಿತ್ರವೆಂದು ಕಾಪಾಡಿದರು. ಅದನ್ನು ಇರಿಸಿದ ಸ್ಥಳವು 'ಕಾಪೆಲಾ' ಎನಿಸಿತು. ಅದರಿಂದಲೇ ಫ್ರೆಂಚಿನ 'ಶಾಪೆಲ್', ಇಂಗ್ಲಿಷಿನ 'ಚಾಪೆಲ್' ಎಂಬ, ಚಿಕ್ಕ ಪ್ರಾರ್ಥನಾಮಂದಿರವನ್ನು ಸೂಚಿಸುವ ಮಾತುಗಳು ಹುಟ್ಟಿದುವು. ನೋಡಿ, ಒಂದು ಹರಿದ ಬಟ್ಟೆ ಎಷ್ಟು ದೂರ ನಡೆದುಬಂದಿದೆ! ಕೋಶದಲ್ಲಿ ಆ ಮಾತಿಗೆ ಒಂದು ಸಾಲಿನ ಅರ್ಥವಿದೆ. ಆ ಊರಿನಲ್ಲಿ ನಿಂತು ಕೇಳಿದವನಿಗೆ ಅದರೊಳಗೆ ಚಳಿ, ಕತ್ತಿ, ಕರುಣೆ ಎಲ್ಲವೂ ಕಾಣಿಸುತ್ತವೆ.

ಮೊದಲ ಶನಿವಾರ ನಮ್ಮ ಬಸ್ಸು ಲ್ವಾರ್ ನದಿಯ ದಡವನ್ನು ಹಿಡಿದು ಆಂಬ್ವಾಜ್ ಎಂಬ ಊರಿಗೆ ಹೊರಟಿತು. 1516ರಲ್ಲಿ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸ್ವಾನ ಆಹ್ವಾನವನ್ನು ಮನ್ನಿಸಿ, ಲಿಯೊನಾರ್ಡೊ ಡ ವಿಂಚಿ ಇಟಲಿಯಿಂದ ಇಲ್ಲಿಗೆ ಬಂದನು. ಆಗ ಅವನಿಗೆ ಅರುವತ್ತು ದಾಟಿತ್ತು. 'ಮೋನಾ ಲೀಸಾ' ಚಿತ್ರವನ್ನು ಅವನು ಜತೆಯಲ್ಲೇ ತಂದಿದ್ದನು. ಅರಮನೆಗೆ ಸಮೀಪದ ಕ್ಲೊ ಲೂಸೆ ಎಂಬ ಇಟ್ಟಿಗೆಯ ಮನೆಯಲ್ಲಿ ವಾಸವಾಗಿದ್ದು, 1519ರ ಮೇ 2ರಂದು ಅಲ್ಲಿಯೇ ತೀರಿಕೊಂಡನು. ಅವನ ಸಮಾಧಿ ಇರುವುದು ಅರಮನೆಯ ಆವರಣದ ಪುಟ್ಟ 'ಶಾಪೆಲ್' ಒಂದರಲ್ಲಿ. ಬುಧವಾರ ಕಲಿತ ಮಾತು ಶನಿವಾರ ನಮ್ಮೆದುರು ಕಲ್ಲಿನ ರೂಪದಲ್ಲಿ ನಿಂತಿತ್ತು.

ಆ ಕಾಲದಲ್ಲಿ ಇಟಲಿಯಿಂದ ಫ್ರಾನ್ಸಿಗೆ ಬಂದವರು ಶಿಲ್ಪಿಗಳು, ಚಿತ್ರಕಾರರು ಮಾತ್ರವಲ್ಲ, ಮಾತುಗಳೂ ಬಂದುವು. ಉಪ್ಪರಿಗೆಯ ಮೊಗಸಾಲೆಗೆ 'ಬಾಲ್ಕೊಂ', ಕಟ್ಟಡದ ಮುಂಭಾಗಕ್ಕೆ 'ಫಸಾದ್', ಸೈನಿಕನಿಗೆ 'ಸೊಲ್ದಾ' ಎಂಬ ಮಾತುಗಳೆಲ್ಲ ಇಟಲಿಯವು. ಹೀಗೆ ಧಾರಾಳವಾಗಿ ಎರವಲು ಪಡೆದ ಅದೇ ದೊರೆ 1539ರಲ್ಲಿ ವಿಲೇರ್ ಕೊತ್ರೆ ಎಂಬಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದನು. ನ್ಯಾಯಾಲಯದ ತೀರ್ಪುಗಳೂ ದಸ್ತಾವೇಜುಗಳೂ ಇನ್ನು ಮುಂದೆ ಲ್ಯಾಟಿನ್ನಿನಲ್ಲಿ ಇರಕೂಡದು, ಫ್ರೆಂಚಿನಲ್ಲಿಯೇ ಇರಬೇಕು ಎಂಬುದು ಅದರ ಸಾರ. ಜನಕ್ಕೆ ತಿಳಿಯದ ನುಡಿಯಲ್ಲಿ ಜನರ ವ್ಯಾಜ್ಯವನ್ನು ತೀರ್ಮಾನಿಸಬಾರದೆಂಬ ವಿಚಾರ ಇದರಲ್ಲಿ ಅಡಗಿತ್ತು. ಹತ್ತು ವರ್ಷಗಳ ಬಳಿಕ, 1549ರಲ್ಲಿ, ದು ಬೆಲ್ಲೆ ಎಂಬ ಕವಿ ಫ್ರೆಂಚ್ ಭಾಷೆಯನ್ನು ಸಮರ್ಥಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ಆಜ್ಞೆ ಹೊರಟ ಆ ಅರಮನೆಯಲ್ಲಿ 2023ರಲ್ಲಿ ಫ್ರೆಂಚ್ ಭಾಷೆಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆದಿದೆ.

ಇದನ್ನು ಕೇಳಿ ನನಗೆ ಅಭಿಮಾನದ ನೆನಪುಗಳು ಬಂದುವು. ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡನಾಡಿನ ಎಲ್ಲೆಯನ್ನೂ ಕನ್ನಡ ಕಾವ್ಯದ ರೀತಿಯನ್ನೂ ವಿವರಿಸಿದ 'ಕವಿರಾಜಮಾರ್ಗ'ದ ಸಂಗತಿಯನ್ನೂ, 1963ರಲ್ಲಿ ಕನ್ನಡವನ್ನು ನಮ್ಮ ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿದ ಶಾಸನದ ಸಂಗತಿಯನ್ನೂ ಜಪಾನಿನ ಗೆಳತಿಗೆ ನನ್ನ ಹರಕು ಫ್ರೆಂಚಿನಲ್ಲಿಯೇ ವಿವರಿಸಿದೆ. ಆಕೆ ಅದನ್ನು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡಳು.

ನಮ್ಮ ಬಸ್ಸಿನ ಚಾಲಕರು ಅರುವತ್ತರ ಸಮೀಪದ ಮಿತಭಾಷಿ. ಹಿಂದಿರುಗುವ ಮೊದಲು ನದಿಯ ದಡದಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿದಾಗ, ಅವರು ನಮ್ಮ ಮಾತಿನ ನಡುವೆ ಬಂದರು. ಅವರು ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತದವರು. ಅಲ್ಲಿಯ ಹಳೆಯ ನುಡಿ ಬ್ರೆಟನ್. ಅದು ಫ್ರೆಂಚಿನ ಉಪಭಾಷೆಯಲ್ಲ. ಬೇರೊಂದು ಕುಲದ ಸ್ವತಂತ್ರ ಭಾಷೆ. "ದೊರೆಯ ಆಜ್ಞೆ ಒಳ್ಳೆಯದೇ. ಆದರೆ ಅದರ ಮುಂದಿನ ಅಧ್ಯಾಯವನ್ನೂ ನೀವು ಕೇಳಬೇಕು" ಎಂದು ಅವರು ತಮ್ಮ ಅಜ್ಜಿಯ ಬಾಲ್ಯವನ್ನು ಹೇಳತೊಡಗಿದರು. ಆಕೆಯ ಶಾಲೆಯಲ್ಲಿ ಬ್ರೆಟನ್ ಮಾತನಾಡಿದ ಮಗುವಿನ ಕೊರಳಿಗೆ ಮರದ ಪಾದರಕ್ಷೆಯನ್ನು ಕಟ್ಟುತ್ತಿದ್ದರಂತೆ. ಕೊರಳಿನ ಹೊರೆಯನ್ನು ಇಳಿಸಿಕೊಳ್ಳಬೇಕಾದರೆ, ಆ ಮಗು ಬ್ರೆಟನ್ ಆಡಿದ ಇನ್ನೊಬ್ಬ ಸಹಪಾಠಿಯನ್ನು ಹಿಡಿದುಕೊಡಬೇಕು. ಸಂಜೆ ಅದು ಯಾರ ಕೊರಳಲ್ಲಿ ಉಳಿಯುತ್ತದೆಯೋ ಆ ಮಗುವಿಗೆ ಶಿಕ್ಷೆ. "ಅಜ್ಜಿ ನನ್ನ ತಾಯಿಯೊಡನೆ ಫ್ರೆಂಚಿನಲ್ಲಿಯೇ ಮಾತನಾಡಿದಳು. ಮಗಳ ಕೊರಳು ಬರಿದಾಗಿರಲಿ ಎಂಬುದು ಅವಳ ಆಸೆ. ನನಗೆ ಬ್ರೆಟನ್ನಿನಲ್ಲಿ ಒಂದು ಜೋಗುಳ ಬರುತ್ತದೆ. ಅದರ ಅರ್ಥ ತಿಳಿಯದು" ಎಂದು ಅವರು ಮಾತು ಮುಗಿಸಿದರು.

ಯಾರೂ ಮಾತನಾಡಲಿಲ್ಲ. ಇಂಥ ಶಿಕ್ಷೆ ಒಂದು ಶಾಲೆಯ ಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಆ ಪ್ರಾಂತದ ಅನೇಕ ಕಡೆ ನಡೆದ ರೂಢಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದ ಭಾಷೆ ಇಂದು ಬಹಳವಾಗಿ ಕುಗ್ಗಿದೆ. 1951ರಲ್ಲಿ ಬಂದ ಕಾನೂನು ಬ್ರೆಟನ್ ಮೊದಲಾದ ಕೆಲವು ಪ್ರಾಂತಭಾಷೆಗಳನ್ನು ಶಾಲೆಯಲ್ಲಿ ಕಲಿಸಲು ಅವಕಾಶವಿತ್ತಿತು. 1977ರಲ್ಲಿ ಬ್ರೆಟನ್ ಮಾಧ್ಯಮದ ಶಾಲೆಗಳೂ ಆರಂಭವಾದುವು. ಆದರೂ ಯುನೆಸ್ಕೋ ಪ್ರಕಟಿಸಿದ ಅಪಾಯದಲ್ಲಿರುವ ಭಾಷೆಗಳ ಭೂಪಟದಲ್ಲಿ ಅದರ ಹೆಸರಿದೆ. ಅದೇ ಭೂಪಟದಲ್ಲಿ ನಮ್ಮ ನಾಡಿನ ಕೊಡವ, ಕೊರಗ ಭಾಷೆಗಳ ಹೆಸರುಗಳೂ ಇವೆ. ಬಡವನ ವ್ಯಾಜ್ಯ ಬಡವನ ನುಡಿಯಲ್ಲಿ ತೀರ್ಮಾನವಾಗಲಿ ಎಂದು ಮೇಲೆದ್ದ ಭಾಷೆಯೇ, ಬಲ ಬಂದ ಮೇಲೆ ಇನ್ನೊಬ್ಬ ಬಡವನ ನುಡಿಯನ್ನು ತುಳಿಯಬಲ್ಲದು. ಅರಮನೆಯೊಳಗೆ ಕೇಳಿದ ಪಾಠ ಒಂದು. ಬುತ್ತಿಯ ಬಳಿ ಕೇಳಿದ ಪಾಠ ಇನ್ನೊಂದು. ಎರಡೂ ಸತ್ಯವೇ.

ಶನೊನ್ಸೊ ಅರಮನೆಯನ್ನು ನೋಡಿದ್ದು ಮತ್ತೊಂದು ಶನಿವಾರ. ಈ ಅರಮನೆ ಶೇರ್ ನದಿಯ ದಡದಲ್ಲಿಲ್ಲ. ನದಿಯ ಮೇಲೆಯೇ ಇದೆ. ಹದಿನಾರನೆಯ ಶತಮಾನದಲ್ಲಿ ದಿಯಾನ್ ದ ಪ್ವಾತಿಯೇ ಎಂಬಾಕೆ ಸೇತುವೆಯನ್ನು ಕಟ್ಟಿಸಿದಳು. ರಾಣಿ ಕ್ಯಾಥರೀನ್ ದ ಮೆದಿಚಿ ಅದರ ಮೇಲೆ 60 ಮೀಟರು ಉದ್ದದ ಹಜಾರವನ್ನು ಎತ್ತಿಸಿದಳು. ರಾಜರ ಕಾಲದಲ್ಲಿ ನೃತ್ಯ ನಡೆದ ಆ ಹಜಾರವು ಮೊದಲನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯಾಯಿತು. ಎರಡು ಸಾವಿರಕ್ಕೂ ಹೆಚ್ಚು ಗಾಯಾಳುಗಳು ಅಲ್ಲಿ ಶುಶ್ರೂಷೆ ಪಡೆದರು. 1940ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸನ್ನು ಗೆದ್ದಾಗ ದೇಶವು ಎರಡಾಯಿತು. ಆ ಭಾಗದಲ್ಲಿ ಶೇರ್ ನದಿಯೇ ಗಡಿ. ಅರಮನೆಯ ಮುಂಬಾಗಿಲು ಶತ್ರುವಿನ ವಶವಾದ ಭಾಗಕ್ಕೂ, ಹಜಾರದ ಕೊನೆಯ ಬಾಗಿಲು ಆಚೆಯ ಭಾಗಕ್ಕೂ ತೆರೆದಿದ್ದುವು. ಎಷ್ಟೋ ಜನ ಈ ಹಜಾರದ ಮೂಲಕ ನದಿಯನ್ನು ದಾಟಿ ಪ್ರಾಣವುಳಿಸಿಕೊಂಡರು.

'ಪಾಸೆ' ಎಂದರೆ ದಾಟು, ಹಾದುಹೋಗು. ಹಿಂದಿನ ದಿನ ಅದರ ರೂಪಗಳನ್ನೆಲ್ಲ ಕೋಷ್ಟಕವಾಗಿ ಬಾಯಿಪಾಠ ಮಾಡಿದ್ದೆವು. ಅದರಿಂದ ಹುಟ್ಟಿದ 'ಪಾಸರ್' ಎಂಬ ಮಾತಿಗೆ ಅಂಬಿಗ ಎಂದರ್ಥ. ಗಡಿಯನ್ನು ಗುಟ್ಟಾಗಿ ದಾಟಿಸುವವನೂ 'ಪಾಸರ್' ಆಗುತ್ತಾನೆ. ಆ ಹಜಾರದ ಕರಿ ಬಿಳಿ ಚೌಕಗಳ ನೆಲದ ಮೇಲೆ ನಡೆಯುವಾಗ ಕ್ರಿಯಾಪದದ ಕೋಷ್ಟಕ ನಮ್ಮ ಕಾಲಡಿಯಲ್ಲಿಯೇ ಇದ್ದಂತೆ ತೋರಿತು. ವಿಯೆಟ್ನಾಮಿನ ಗೆಳತಿ ಕೊನೆಯ ಬಾಗಿಲಿನ ಬಳಿ ಬಹಳ ಹೊತ್ತು ನಿಂತಿದ್ದಳು. ಅವಳ ದೇಶವೂ 1954ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ನದಿಯ ಬಳಿ ಎರಡಾಗಿತ್ತು.

ಕೊನೆಯ ಪ್ರವಾಸ ಮಾಯೆ ಎಂಬ ಹಳ್ಳಿಗೆ. ತೂರ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿ ಅರಮನೆ ಇಲ್ಲ, ಉದ್ಯಾನವಿಲ್ಲ. 1944ರ ಆಗಸ್ಟ್ 25ರಂದು, ಪ್ಯಾರಿಸ್ ನಗರ ಬಿಡುಗಡೆ ಹೊಂದಿ ಜನ ಬೀದಿಗಿಳಿದು ಹರ್ಷಿಸಿದ ದಿನವೇ, ಜರ್ಮನ್ ಸೈನಿಕರು ಈ ಹಳ್ಳಿಗೆ ನುಗ್ಗಿ 124 ಮಂದಿಯನ್ನು ಕೊಂದರು. ಸತ್ತವರಲ್ಲಿ ಹಸುಗೂಸುಗಳಿದ್ದುವು, ಮುದುಕರಿದ್ದರು. ಊರಿನ ನೆನಪಿನ ಮನೆಯೊಂದರಲ್ಲಿ ಆ ದಿನದ ಕಥೆಯನ್ನು ಸಂದರ್ಶಕರಿಗೆ ಹೇಳುತ್ತಾರೆ.

ಫ್ರೆಂಚ್ ಭಾಷೆಯಲ್ಲಿ ಭೂತಕಾಲಕ್ಕೆ ಎರಡು ಮುಖ್ಯ ರೂಪಗಳಿವೆ. ನಡೆಯುತ್ತಲಿದ್ದುದಕ್ಕೆ ಒಂದು, ಒಮ್ಮೆಗೇ ನಡೆದುಹೋದುದಕ್ಕೆ ಇನ್ನೊಂದು. ನಮ್ಮ 'ಆಡುತ್ತಿದ್ದರು', 'ಬಂದರು' ಎಂಬಂತೆ. ಎಲ್ಲಿ ಯಾವುದನ್ನು ಬಳಸಬೇಕೆಂಬುದು ತರಗತಿಯಲ್ಲಿ ಹಲವರಿಗೆ ಒಗ್ಗಿರಲಿಲ್ಲ. ಕಥೆ ಹೇಳಿದ ಹಿರಿಯ ಹೆಂಗಸು ಸಾವಧಾನವಾಗಿ, ಸರಳವಾಗಿ ಹೇಳಿದರು: "ಬೆಳಗ್ಗೆ ಬಿಸಿಲಿತ್ತು. ಹೆಂಗಸರು ಅಡುಗೆ ಮಾಡುತ್ತಿದ್ದರು. ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಸೈನಿಕರು ಬಂದರು." ಒಂದು ಕ್ರಿಯಾರೂಪ ನಿಂತು ಇನ್ನೊಂದು ತೊಡಗಿದ ಸ್ಥಳದಲ್ಲಿ ಒಂದು ಊರೇ ನಿಂತುಹೋಗಿತ್ತು. ಆ ಭೇದವನ್ನು ನಮ್ಮಲ್ಲಿ ಯಾರೂ ಮತ್ತೆ ಕೇಳಲಿಲ್ಲ.

ಕಥೆ ಮುಗಿದ ಮೇಲೆ ಆ ತಾಯಿ, "ನೀವೆಲ್ಲ ಯಾವ ಯಾವ ದೇಶದವರು?" ಎಂದು ಕೇಳಿದರು. ಒಬ್ಬೊಬ್ಬರೂ ಹೇಳುತ್ತಾ ಬಂದೆವು. ಜರ್ಮನಿಯ ಯುವಕನ ಸರದಿ ಬಂದಿತು. ಅವನು ತಲೆ ತಗ್ಗಿಸಲಿಲ್ಲ, ಸುಳ್ಳಾಡಲೂ ಇಲ್ಲ. "ನಾನು ಜರ್ಮನಿಯವನು, ಅಮ್ಮ" ಎಂಬ ಧ್ವನಿಯಲ್ಲಿ, ಗೌರವದ 'ಮದಾಂ' ಎಂಬ ಮಾತನ್ನು ಸೇರಿಸಿ ಉತ್ತರಿಸಿದನು. ಅವನ ಮುಖ ಬಿಳುಪೇರಿತ್ತು. ಆಕೆ ಸ್ವಲ್ಪ ಹೊತ್ತು ಅವನನ್ನು ನೋಡಿದರು. "ಬಂದದ್ದು ಒಳ್ಳೆಯದಾಯಿತು. ನನಗೆ ನಿಮ್ಮ ಭಾಷೆ ಬಾರದು. ನೀವು ನನ್ನ ಭಾಷೆಯನ್ನು ಕಲಿತು ಬಂದಿರಿ. ನಿಮ್ಮ ಮನೆಯಲ್ಲಿ ಇದನ್ನು ನಿಮ್ಮ ಭಾಷೆಯಲ್ಲಿ ಹೇಳಿ" ಎಂದರು. ಆ ಯುವಕ ಫ್ರೆಂಚ್ ಕಲಿಯಲು ಬಂದದ್ದು ವ್ಯಾಪಾರಸಂಸ್ಥೆಯೊಂದರ ಕೆಲಸಕ್ಕಾಗಿ. ಆದರೆ ಆ ಕ್ಷಣದಲ್ಲಿ ಭಾಷೆ ಅವನಿಗೆ ಬೇರೊಂದು ಕೆಲಸವನ್ನು ಒಪ್ಪಿಸಿತು. ಅವನು ಬಸ್ಸಿನಲ್ಲಿ ಕುಳಿತು, ಇಡೀ ದಾರಿ ಬರೆಯುತ್ತಿದ್ದನು. ಅದು ಜರ್ಮನ್ ಭಾಷೆಯಲ್ಲಿತ್ತು.

ಇಂಥ ಪ್ರವಾಸಗಳು ಕಾಲಹರಣವೆಂದು ಆಕ್ಷೇಪಿಸುವವರುಂಟು. ದೂರದಿಂದ ಹಣ ತೆತ್ತು ಬಂದವನು ಅಷ್ಟು ಹೊತ್ತು ತರಗತಿಯಲ್ಲಿ ಕುಳಿತರೆ ಇನ್ನಷ್ಟು ಪಾಠಗಳು ಮುಗಿಯುತ್ತವೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಸಿದ್ಧತೆಯಿಲ್ಲದೆ ಹೊರಟು, ಓಡೋಡುತ್ತ ನೋಡಿ, ಚಿತ್ರ ತೆಗೆದುಕೊಂಡು ಹಿಂದಿರುಗುವ ಪ್ರವಾಸದಿಂದ ಕಾಲಿಗೆ ದಣಿವಲ್ಲದೆ ಬೇರೆ ಲಾಭವಿಲ್ಲ. ಆದರೆ ಭಾಷೆ ಎಂಬುದು ಪದಗಳ ಮೂಟೆಯಲ್ಲ. ಅದನ್ನು ಆಡುವ ಜನರ ಸುಖ, ಸಂಕಟ, ಸೌಜನ್ಯ, ಅಪರಾಧಗಳೆಲ್ಲ ಅದರೊಳಗಿವೆ. ಅವನ್ನು ಅರಿಯದೆ ಭಾಷೆಯನ್ನು ಬಲ್ಲೆನೆನ್ನುವವನು, ಬಾಗಿಲಿನ ಬೀಗದ ಕೈಯನ್ನು ಹಿಡಿದು ಬೀದಿಯಲ್ಲಿಯೇ ನಿಂತವನಂತೆ.

ಕಡೆಯ ದಿನ ಅಧ್ಯಾಪಕಿ ಒಂದು ಹೊಸ ಬಗೆಯ ಪರೀಕ್ಷೆ ಮಾಡಿದರು. ಪ್ರತಿಯೊಬ್ಬರೂ ತಮ್ಮ ನಾಡಿನ ಒಂದು ಸ್ಥಳಕ್ಕೆ ಉಳಿದವರನ್ನು ಮಾತಿನಲ್ಲಿಯೇ ಕರೆದೊಯ್ಯಬೇಕು. ನಾನು ಹಾಸನ ಜಿಲ್ಲೆಯ ಹಲ್ಮಿಡಿ ಗ್ರಾಮವನ್ನು ಆರಿಸಿಕೊಂಡೆ. ಸುಮಾರು ಐದನೆಯ ಶತಮಾನದ ಕನ್ನಡ ಶಾಸನ ದೊರೆತದ್ದು ಅಲ್ಲಿ. ಕಪ್ಪುಹಲಗೆಯ ಮೇಲೆ ಕಲ್ಲಿನ ಚಿತ್ರವನ್ನು ಬರೆದು, ಅಷ್ಟು ಹಳೆಯ ನುಡಿಯನ್ನು ಇಂದಿಗೂ ಕೋಟ್ಯಂತರ ಜನ ಆಡುತ್ತಾರೆಂದು ವಿವರಿಸಿದೆ. ಎಲ್ಲರೂ ಮೆಚ್ಚಿದರು. ಆಗ ಬ್ರೆಜಿಲ್ಲಿನ ಗೆಳೆಯ ಎದ್ದು ನಿಂತು, "ನಿಮ್ಮ ನಾಡಿನ ಶಾಲೆಗಳಲ್ಲಿ ತನ್ನ ಮನೆಯ ಮಾತು ಕೇಳಿಸದ ಮಗು ಇದೆಯೇ?" ಎಂದು ಕೇಳಿದನು. ಬಸ್ಸಿನ ಚಾಲಕರ ಅಜ್ಜಿಯನ್ನು ಅವನು ಮರೆತಿರಲಿಲ್ಲ. "ಇದೆ" ಎಂದೆ. ಕೊರಗ ಮಕ್ಕಳ ವಿಷಯವನ್ನೂ, ಕಾಡಂಚಿನ ಹಾಡಿಗಳ ಮಕ್ಕಳ ವಿಷಯವನ್ನೂ ನನಗೆ ತಿಳಿದಷ್ಟು ಹೇಳಿದೆ. ಆ ಪರೀಕ್ಷೆಯಲ್ಲಿ ನಾನು ಆಡಿದ ಅತ್ಯಂತ ಕಷ್ಟದ ವಾಕ್ಯ ಆ ಒಂದೇ ಮಾತಿನದು.

ನೀವು ಬಾದಾಮಿಗೋ, ಬೇಲೂರಿಗೋ, ಶ್ರವಣಬೆಳಗೊಳಕ್ಕೋ ಶಾಲೆಯ ಪ್ರವಾಸ ಹೊರಟಾಗ ಒಂದು ಪುಟ್ಟ ಟಿಪ್ಪಣಿಪುಸ್ತಕವನ್ನು ಜತೆಗಿಟ್ಟುಕೊಳ್ಳಿರಿ. ಶಿಲ್ಪಗಳನ್ನು ನೋಡಿದ ಮೇಲೆ, ದೇವಸ್ಥಾನದ ಹೊರಗೆ ಕಡಲೆಕಾಯಿ ಮಾರುವ ಅಜ್ಜಿಯನ್ನೂ ಮಾತನಾಡಿಸಿರಿ. ಅವರ ಊರಿನ ಕನ್ನಡದಲ್ಲಿ ನಿಮ್ಮ ಊರಿನಲ್ಲಿಲ್ಲದ ಮಾತೊಂದು ಸಿಕ್ಕೀತು, ಬರೆದುಕೊಳ್ಳಿರಿ. ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತ ಸಹಪಾಠಿಯ ಮನೆಯ ಮಾತು ತುಳುವೋ, ಕೊಡವವೋ, ಉರ್ದುವೋ, ಲಂಬಾಣಿಯೋ ಆಗಿದ್ದರೆ, ಆ ಭಾಷೆಯಲ್ಲಿ ನದಿಗೆ ಏನೆನ್ನುತ್ತಾರೆಂದು ಕೇಳಿ ಕಲಿಯಿರಿ.